ಕಲ್ಲುದಾರಿಯ ಮೇಸ್ತ್ರಿ

ಗಾಡಿಗೆ ಏನಾಗಿದೆ ಎಂದು ಅವರು ಯಾರನ್ನೂ ಮೊದಲು ಕೇಳಿದವರಲ್ಲ. ಮೋಟರ್ ಸೈಕಲ್ ತಳ್ಳಿಕೊಂಡು ಬಂದವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ನಿಮಗೆ ಎಲ್ಲಿ ನೋಯ್ತದೆ?" ಎನ್ನುತ್ತಿದ್ದರು. ಮಣಿಕಟ್ಟು ಎಂದರೆ ಮುಂದಿನ ಚಕ್ರ ಹಿಡಿದ ಫೋರ್ಕಿನ ಹತ್ತಿರ ಕೂರುತ್ತಿದ್ದರು. ಸೊಂಟ ಎಂದರೆ ಹಿಂದಿನ ಸ್ಪ್ರಿಂಗಿನ ಹತ್ತಿರ. ಹೊಟ್ಟೆ ಕುಲುಕುತ್ತದೆ ಎಂದರೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಗಾಳಿ ಯಾರು ಹೊಡೆದದ್ದು ಎಂದು ವಿಚಾರಿಸುತ್ತಿದ್ದರು. ಒಬ್ಬ ವಕೀಲರು ಸಿಟ್ಟಾಗಿ, "ನಾನೇನ್ ಆಸ್ಪತ್ರೆಗೆ ಬಂದಿದೀನೇನ್ರೀ?" ಎಂದರಂತೆ. "ಆಸ್ಪತ್ರೆಗೆ ಹೋಗ್ಬಾರ್ದು ಅಂತಾನೇ ಕೇಳ್ತಿರೋದು ಸಾರ್" ಎಂದರಂತೆ ಇವರು.

ತುಮಕೂರಿನ ಶಿರಾ ಗೇಟಿನ ಹತ್ತಿರ ಅವರದೊಂದು ತಗಡಿನ ಷೆಡ್ಡು. ಅದಕ್ಕೆ ಬೋರ್ಡು ಇರಲಿಲ್ಲ. ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಾಗಿಲ ಮೇಲೂ ಹೆಸರು ಬರೆಸದವರ ಹೆಸರನ್ನು ನಾನು ಇಲ್ಲಿ ಬರೆಯುವುದು ಸರಿಯಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಹೋದ ತಿಂಗಳು ಗುಬ್ಬಿಯಲ್ಲಿ ಅವರ ಹೆಂಡತಿಯೂ ಹೋದರೆಂದು ಕೇಳಿದೆ. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಒಂದು ವಿಷಯವನ್ನು ಈಗ ಹೇಳಿದರೆ ಯಾರ ಮನಸ್ಸೂ ನೋಯುವುದಿಲ್ಲ ಅನ್ನಿಸಿ ಬರೆಯಲು ಕೂತಿದ್ದೇನೆ.

ಐವತ್ತರ ದಶಕ ಮುಗಿದು ಅರವತ್ತು ಹಿಡಿದಿದ್ದ ಕಾಲ. ನಾನು ಕುಣಿಗಲ್ ತಾಲ್ಲೂಕಿನಲ್ಲಿ ದನಕರುಗಳ ಇಲಾಖೆಯ ಸ್ಟಾಕ್ ಇನ್ಸ್‌ಪೆಕ್ಟರ್. ಹಳ್ಳಿಯವರ ಬಾಯಲ್ಲಿ ದನದ ಡಾಕ್ಟ್ರು. ಇಲಾಖೆ ನನಗೊಂದು ಮೋಟರ್ ಸೈಕಲ್ ಕೊಟ್ಟಿತ್ತು. ಡಾಂಬರು ರಸ್ತೆಯ ಮೇಲೆ ಅದು ತೊಟ್ಟಿಲಿನಂತೆ ಹೋಗುತ್ತಿತ್ತು. ಆದರೆ ನನ್ನ ಪಾಲಿಗೆ ಬಂದದ್ದು ಹುಲಿಯೂರುದುರ್ಗದ ಆಚೆಗಿನ ಹಟ್ಟಿಗಳು. ಅಲ್ಲಿ ದಾರಿ ಎಂದರೆ ಬಂಡೆಯ ಮೇಲೆ ಗಾಡಿಯ ಚಕ್ರ ಉಜ್ಜಿದ ಗುರುತು, ಅದರ ಮಧ್ಯೆ ತಲೆ ಎತ್ತಿದ ಗುಂಡುಕಲ್ಲುಗಳು.

ಆ ವರ್ಷ ದನಗಳಿಗೆ ದೊಡ್ಡರೋಗ ಬಂತು. ಮೊದಲು ಕಣ್ಣಲ್ಲಿ ನೀರು, ಆಮೇಲೆ ಬಾಯಿಹುಣ್ಣು, ಭೇದಿ. ವಾರದೊಳಗೆ ಹಟ್ಟಿಯ ಅರ್ಧ ಕೊಟ್ಟಿಗೆ ಖಾಲಿ. ರೋಗ ಹತ್ತುವ ಮುಂಚೆ ಲಸಿಕೆ ಚುಚ್ಚಿದರೆ ದನ ಉಳಿಯುತ್ತಿತ್ತು. ಆದರೆ ಲಸಿಕೆಗೆ ಬಿಸಿಲು ತಾಗಬಾರದು. ತುಮಕೂರಿನ ಆಫೀಸಿನಿಂದ ದೊಡ್ಡ ಬಾಯಿಯ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು ತುಂಬಿ, ಅದರ ಮಧ್ಯೆ ಲಸಿಕೆಯ ಗಾಜಿನ ಸೀಸೆಗಳನ್ನಿಟ್ಟು, ಗಾಡಿಯ ಹಿಂದಿನ ಕ್ಯಾರಿಯರಿಗೆ ಕಟ್ಟಿ ಒಯ್ಯಬೇಕಿತ್ತು. ಫ್ಲಾಸ್ಕಿನ ಒಳಗಿನ ಗಾಜು ಎಂಥದೆಂದು ಎಲ್ಲರಿಗೂ ಗೊತ್ತು.

ಮೊದಲ ಸಲ ನಾನು ಹಟ್ಟಿ ತಲುಪಿ ಮುಚ್ಚಳ ತೆಗೆದಾಗ ಒಳಗೆ ಗಾಜಿನ ಚೂರು, ಬೆಚ್ಚಗಿನ ನೀರು. ಸೀಸೆಗಳು ಅದರಲ್ಲಿ ತೇಲುತ್ತಿದ್ದವು. ಜನ ದನಗಳನ್ನು ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಒಬ್ಬ ಹೆಂಗಸು ತನ್ನ ಹಸುವಿನ ಕೊರಳು ತಬ್ಬಿಕೊಂಡೇ, "ಅದನ್ನೇ ಚುಚ್ಚಿ ಸ್ವಾಮಿ. ಏನಾರಾ ಚುಚ್ಚಿ" ಎಂದಳು. ಕೆಟ್ಟ ಲಸಿಕೆ ಚುಚ್ಚಿ ಸಮಾಧಾನ ಹೇಳಿ ಬರಬಹುದಿತ್ತು. ಚುಚ್ಚಲಿಲ್ಲ. ಮೂರು ದಿನ ಬಿಟ್ಟು ನಾನು ಇನ್ನೊಂದು ಫ್ಲಾಸ್ಕು ಕೇಳಿ ಓಡಾಡುತ್ತಿರುವಾಗ ಆ ಹಸು ಸತ್ತಿತ್ತು.

ನಡೆದುಕೊಂಡು ಹೋಗಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಜನ ಕೇಳಿದ್ದಾರೆ. ನಡೆದರೆ ದಿನಕ್ಕೊಂದು ಹಟ್ಟಿ. ರೋಗ ಅದಕ್ಕಿಂತ ಬೇಗ ನಡೆಯುತ್ತಿತ್ತು.

ಹೀಗೆ ನಾನು ಆ ಷೆಡ್ಡಿಗೆ ಹೋದವನು. ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಮಾಡಿದ ಖಾಕಿ ಷರಟು, ಕತ್ತರಿಸಿದ ಮೀಸೆ. ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿದ್ದರು, ಮೋಟರ್ ಸೈಕಲ್ ಮೇಲೆ ಕಾಗದಪತ್ರ ಸಾಗಿಸುತ್ತಿದ್ದರು, ಅಲ್ಲಿ ಬಿದ್ದು ಬೆನ್ನು ಹಾಳಾಗಿದೆ ಎಂದು ಹೊರಗೆ ಟೀ ಅಂಗಡಿಯವನು ಹೇಳಿದ್ದ. ನಿಜವೇ ಅನ್ನಿಸಿತು. ಅವರು ಬಗ್ಗುತ್ತಿರಲಿಲ್ಲ. ಬೆನ್ನು ನೆಟ್ಟಗಿಟ್ಟುಕೊಂಡೇ ಮಂಡಿ ಮಡಿಸಿ ಕೂರುವುದು, ಮಂಡಿಯ ಬಲದ ಮೇಲೇ ಏಳುವುದು. ರಿಪೇರಿ ಮುಗಿದ ಮೇಲೆ ಗಾಡಿಯನ್ನು ಓಡಿಸಿ ನೋಡುತ್ತಲೂ ಇರಲಿಲ್ಲ. "ಹತ್ತಿ, ಒಂದ್ ರೌಂಡ್ ಹೊಡ್ಕೊಂಡ್ ಬನ್ನಿ" ಎಂದು ಮಾಲೀಕನನ್ನೇ ಕಳಿಸಿ, ಅವನು ವಾಪಸು ಬಂದು ಹೇಳುವುದನ್ನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಮನೆ ಗುಬ್ಬಿಯಲ್ಲಿ. ದಿನಾ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ಊರಿನ ಮೋಟರ್ ಸೈಕಲ್ಲುಗಳನ್ನೆಲ್ಲ ಹದ ಮಾಡುವ ಮನುಷ್ಯ ಸ್ಟೇಷನ್ನಿನಿಂದ ಷೆಡ್ಡಿಗೆ ನಡೆದು ಬರುವುದನ್ನು ನೋಡಿ ಹೊಸಬರು ನಗುತ್ತಿದ್ದರು.

ನಾನು ಫ್ಲಾಸ್ಕಿನ ಕಥೆ ಹೇಳಿದೆ. ಅವರು ನನ್ನನ್ನು ಗಾಡಿಯ ಮೇಲೆ ಕೂರಿಸಿ, ಅದು ಎಷ್ಟು ಕುಸಿಯಿತು ಎಂದು ಗೇಣು ಹಾಕಿ ನೋಡಿದರು. ಫೋರ್ಕಿನ ಕೆಳಗಿನ ಸ್ಕ್ರೂ ಬಿಚ್ಚಿ ಒಳಗಿನ ಎಣ್ಣೆಯನ್ನು ಡಬ್ಬಿಗೆ ಇಳಿಸಿ, ಬೆರಳಲ್ಲಿ ಉಜ್ಜಿ ಮೂಸಿದರು.

"ಎಣ್ಣೆ ದಪ್ಪ ಆಯ್ತು ಇನ್ಸ್‌ಪೆಕ್ಟ್ರೇ. ಡಾಂಬರ್ ರೋಡಿಗೆ ಸರಿ. ನಿಮ್ಮ ದಾರೀಲಿ ಒಂದು ಕಲ್ಲಾದ್ಮೇಲೆ ಒಂದು ಕಲ್ಲು. ಮೊದಲ್ನೇ ಕಲ್ಲಿಗೆ ಫೋರ್ಕು ಕೂತ್ಕೊಳ್ತು. ಎಣ್ಣೆ ದಪ್ಪ ಇದ್ರೆ ಅದು ನಿಧಾನಕ್ಕೆ ಮೇಲೇಳ್ತದೆ. ಏಳೋಕ್ ಮುಂಚೇನೇ ಎರಡ್ನೇ ಕಲ್ಲು ಬಂತು. ಇನ್ನಷ್ಟು ಕೂತ್ಕೊಳ್ತು. ನಾಲ್ಕ್ನೇ ಕಲ್ಲಿಗೆ ಸ್ಪ್ರಿಂಗೇ ಇಲ್ಲ, ಬರೀ ಕಬ್ಬಿಣ."

ತೆಳು ಎಣ್ಣೆ ಹಾಕಿದರು. ಫೋರ್ಕಿನ ತಗಡಿನ ಮುಸುಕು ತೆಗೆದು, ಒಳಗಿನ ಹೊಳೆಯುವ ಕೊಳವೆಗೆ ಒಂದು ದಾರ ಸುತ್ತಿದರು. ಓಡಿಸಿಕೊಂಡು ಬಂದ ಮೇಲೆ ದಾರ ಎಷ್ಟು ಮೇಲೆ ಸರಿದಿದೆಯೋ ಅಷ್ಟು ಆಳಕ್ಕೆ ಫೋರ್ಕು ಕುಸಿದಿದೆ ಎಂದು ಲೆಕ್ಕ. "ಇದು ಸುಳ್ಳು ಹೇಳಲ್ಲ. ನೀವು ಹೇಳ್ಬಹುದು" ಎಂದರು.

ತೆಳು ಎಣ್ಣೆಗೆ ಹ್ಯಾಂಡಲ್ಲು ಪ್ರತಿ ಕಲ್ಲಿಗೂ ಕೈಯನ್ನು ಮೇಲಕ್ಕೆ ಒದೆಯುತ್ತಿತ್ತು. ಎರಡನೇ ಫ್ಲಾಸ್ಕು ಒಡೆಯಿತು. ಆಮೇಲೆ ಎರಡು ಎಣ್ಣೆ ಬೆರೆಸಿ ನೋಡಿದರು. ಸ್ಪ್ರಿಂಗಿನ ತಲೆಗೆ ವಾಷರು ಸೇರಿಸಿ ಗಾಡಿಯನ್ನು ಒಂದಿಷ್ಟು ಎತ್ತರಕ್ಕೆ ನಿಲ್ಲಿಸಿದರು. ಟೈರಿನ ಗಾಳಿ ಇಳಿಸಿದರು. ತೀರಾ ಇಳಿಸಿದರೆ ಕಲ್ಲಿನ ಅಂಚಿಗೆ ಟ್ಯೂಬು ಕಚ್ಚಿಕೊಳ್ಳುತ್ತದೆಂದು ಮತ್ತೆ ಚೂರು ಏರಿಸಿದರು. ನನ್ನ ಕೈನೋವು ಹೋಯಿತು, ಸೊಂಟನೋವು ಹೋಯಿತು. ಮೂರನೇ ಫ್ಲಾಸ್ಕು ಮಾತ್ರ ಒಡೆಯಿತು.

ಆ ದಿನ ಅವರು ಕಣ್ಣು ಮುಚ್ಚಿ ನನ್ನ ಮಾತನ್ನೆಲ್ಲ ಕೇಳಿದರು. ಆಮೇಲೆ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾ ನಿಂತರು.

"ನೀವು ಹೇಳೋದ್ರಲ್ಲಿ ಸಿಕ್ತಿಲ್ಲ. ನಾನೇ ಬಂದು ನೋಡ್ತೀನಿ" ಎಂದರು.

"ಹಿಂದೆ ಕೂತ್ಕೊಂಡ್ ಬಿಡಿ ಮೇಸ್ತ್ರಿ, ನಾನೇ ಕರ್ಕೊಂಡ್ ಹೋಗ್ತೀನಿ."

"ಬ್ಯಾಡ. ಬಸ್ಸಲ್ಲಿ ಬರ್ತೀನಿ" ಎಂದವರ ದನಿ ಗಡುಸಾಗಿತ್ತು. ಬೆನ್ನುನೋವಿನ ಮನುಷ್ಯನನ್ನು ಹಾಗೆ ಕರೆಯಬಾರದಿತ್ತು ಎಂದುಕೊಂಡೆ.

ಮರುದಿನ ನಾನು ಆಫೀಸಿನಲ್ಲಿ ಐಸು ತುಂಬಿಸಿಕೊಂಡು ಹೊರಟೆ. ಅವರು ಬಸ್ಸಿನಲ್ಲಿ ಉದ್ದಕ್ಕೂ ನಿಂತೇ ಬಂದರಂತೆ. ರಾತ್ರಿ ಇಬ್ಬರೂ ಹುಲಿಯೂರುದುರ್ಗದ ಸತ್ರದಲ್ಲಿ ಉಳಿದು, ಬೆಳಕು ಹರಿಯುತ್ತಲೇ ನಾನು ಗಾಡಿಯಲ್ಲಿ, ಅವರು ನಡೆದುಕೊಂಡು ಬೆಟ್ಟದ ಬುಡಕ್ಕೆ ಹೋದೆವು. ಫ್ಲಾಸ್ಕನ್ನು ಒಂದು ಹುಣಸೇಮರದ ನೆರಳಿನಲ್ಲಿ ಇರಿಸಿ, ಕ್ಯಾರಿಯರಿಗೆ ಅಷ್ಟೇ ಭಾರದ ಕಲ್ಲೊಂದನ್ನು ಟವಲಿನಲ್ಲಿ ಸುತ್ತಿ ಕಟ್ಟಿ, ನನ್ನನ್ನು ಬಂಡೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸಿದರು. ತಾವು ದಾರಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಮೂರನೇ ಸಲಕ್ಕೆ ಕೈ ಎತ್ತಿ ನಿಲ್ಲಿಸಿದರು.

"ಗಾಡಿ ಸರಿಯಾಗೇ ಐತೆ. ನಾನೇ ದಡ್ಡ. ಫ್ಲಾಸ್ಕು ಹಿಂದಿನ ಚಕ್ರಕ್ಕಿಂತ ಆಚೆ ಕೂತದೆ. ಗಾಡಿ ಒಂದಿಂಚು ಎದ್ರೆ ಕ್ಯಾರಿಯರ್ ತುದಿ ಮೂರಿಂಚು ಏಳ್ತದೆ. ಅದನ್ನ ಎದೆಗೆ ಕಟ್ಕೊಂಡು, ಸೀಟಿಂದ ಎದ್ದು ನಿಂತು ಓಡಿಸ್ಬೇಕು. ಮನುಷ್ಯನ ಮಂಡಿಗಿಂತ ಒಳ್ಳೇ ಸ್ಪ್ರಿಂಗು ಯಾವ ಫ್ಯಾಕ್ಟರೀಲೂ ಮಾಡಿಲ್ಲ."

ಕಲ್ಲನ್ನು ನನ್ನ ಎದೆಗೆ ಕಟ್ಟಿದರು. ನಾನು ನಿಂತು ಓಡಿಸಿದೆ. ಒಂದು ಇಪ್ಪತ್ತು ಮಾರು ಚೆನ್ನಾಗಿಯೇ ಹೋಯಿತು. ಆಮೇಲೆ ಮುಂದಿನ ಚಕ್ರ ಬಂಡೆಯ ಸಂದಿಗೆ ಇಳಿಯಿತು, ನಾನು ಎಡಕ್ಕೆ ಬಿದ್ದೆ. ಎಡಗೈಯ ಮಣಿಕಟ್ಟು ಕಣ್ಣೆದುರೇ ಊದಿಕೊಂಡಿತು. ಕ್ಲಚ್ಚು ಹಿಡಿಯಲು ಬೆರಳು ಮಡಿಸಿದರೆ ಪ್ರಾಣ ಹೋದ ಹಾಗಾಗುತ್ತಿತ್ತು.

ಅವರು ಓಡಿಬಂದು ಎಬ್ಬಿಸಿದರು. ಅವರ ಮುಖ ಬಿಳಿಚಿಕೊಂಡಿತ್ತು. ನನ್ನ ಕೈ ಕಾಲು ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. "ಮಾತಾಡಿ, ಮಾತಾಡಿ" ಎಂದು ಎರಡು ಸಲ ಹೇಳಿದರು.

"ಏನಾಗಿಲ್ಲ ಮೇಸ್ತ್ರಿ, ಕೈ ಉಳುಕೈತೆ ಅಷ್ಟೇ. ಇವತ್ತು ಬಿಡಿ, ನಾಳೆ ನೋಡೋಣ" ಎಂದೆ.

ಅಷ್ಟರಲ್ಲಿ ಹಟ್ಟಿಯ ಕಡೆಯಿಂದ ಒಬ್ಬ ಆಳು ಬಂದ. ನಮ್ಮ ಸದ್ದು ಕೇಳಿ ಬಂದವನು. "ಔಸ್ದಿ ಬಂತಾ ಸ್ವಾಮಿ? ಬೆಳಗ್ಗೆಯಿಂದ ಇನ್ನೆರಡು ದನದ ಕಣ್ಣಲ್ಲಿ ನೀರು ಸುರಿತೈತೆ. ಆಚೆ ಹಟ್ಟಿಗಳಿಗೆ ರೋಗ ಇನ್ನೂ ಹೋಗಿಲ್ಲ. ಇವತ್ತು ಚುಚ್ಚಿದ್ರೆ ಅಲ್ಲಿವು ಉಳ್ಕತ್ತವೆ."

ಒಟ್ಟು ಮೂರು ಹಟ್ಟಿ. ಫ್ಲಾಸ್ಕಿನಲ್ಲಿದ್ದದ್ದು ಹಿಂದಿನ ದಿನದ ಐಸು, ಮಧ್ಯಾಹ್ನದವರೆಗೆ ಹಿಡಿದರೆ ಹೆಚ್ಚು. ಮೇಸ್ತ್ರಿ ಆ ಆಳನ್ನು ನೋಡಿದರು, ಫ್ಲಾಸ್ಕನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಆಮೇಲೆ ಸ್ಪ್ಯಾನರು ತೆಗೆದು ಹಿಂದಿನ ಸ್ಪ್ರಿಂಗುಗಳನ್ನು ಒಂದು ಹಲ್ಲು ಬಿಗಿ ಮಾಡಿದರು.

"ಇದ್ಯಾಕೆ?" ಎಂದೆ.

"ಈಗ ಇಬ್ಬರ ಭಾರ."

ಅವರು ಗಾಡಿ ಹತ್ತಿದರು. ನಾನು ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ಹಿಂದೆ ಕೂತೆ. ಅವರು ಕಿಕ್ ಹೊಡೆದು, ಗೇರು ಹಾಕುವಷ್ಟರಲ್ಲಿ ಇಂಜಿನ್ನು ನಿಂತಿತು. ಇನ್ನೊಂದು ಸಲವೂ ನಿಂತಿತು. ಖಾಕಿ ಷರಟಿನ ಬೆನ್ನು ಪೂರ್ತಿ ಒದ್ದೆಯಾದದ್ದು ನನಗೆ ಕಾಣುತ್ತಿತ್ತು. ಬಿಸಿಲು ಇನ್ನೂ ಏರಿರಲಿಲ್ಲ. ಬೇಡ, ಇಳಿದುಬಿಡೋಣ ಎನ್ನಬೇಕೆಂದುಕೊಂಡೆ. ಅವರೇ ಮುಖ ತಿರುಗಿಸದೆ ಹೇಳಿದರು:

"ಮಾತಾಡ್ತಾನೇ ಇರಿ ಇನ್ಸ್‌ಪೆಕ್ಟ್ರೇ. ನಿಲ್ಲಿಸ್ಬ್ಯಾಡಿ. ನೀವು ಹಿಂದೆ ಇದೀರ ಅಂತ ನಂಗೆ ಗೊತ್ತಾಗ್ತಾ ಇರ್ಬೇಕು."

ಏನು ಮಾತಾಡುವುದು? ನನ್ನ ಊರಿನ ಹೆಸರು ಹೇಳಿದೆ, ಅಕ್ಕನ ಮಕ್ಕಳ ಹೆಸರು ಹೇಳಿದೆ. ಅದೂ ಮುಗಿದ ಮೇಲೆ ಮಗ್ಗಿ ಹೇಳಲು ಶುರು ಮಾಡಿದೆ. ಗಾಡಿ ಹೊರಟಿತು. ಅವರು ಸೀಟಿನಿಂದ ಅರ್ಧ ಎದ್ದು, ಮಂಡಿ ಸಡಿಲ ಬಿಟ್ಟು, ಕಲ್ಲಿನಿಂದ ಕಲ್ಲಿಗೆ ಗಾಡಿಯನ್ನು ದಾಟಿಸುತ್ತಿದ್ದ ರೀತಿಯನ್ನು ನಾನು ಆಮೇಲೆ ಯಾರಲ್ಲೂ ನೋಡಲಿಲ್ಲ. ನಾನು ಎರಡು ವರ್ಷ ಜಗಳವಾಡಿದ ಬಂಡೆಗಳು ಅವೇ. ಅವರು ಜಗಳಕ್ಕೆ ಹೋಗಲಿಲ್ಲ. ಎಲ್ಲಿ ಇಳಿಯಬೇಕೋ ಅಲ್ಲಿ ಗಾಡಿಯನ್ನು ಇಳಿಯಲು ಬಿಟ್ಟರು, ಎಲ್ಲಿ ಏಳಬೇಕೋ ಅಲ್ಲಿ ಏಳಲು ಬಿಟ್ಟರು. ಹದಿನೇಳರ ಮಗ್ಗಿಯಲ್ಲಿ ನಾನು ತಪ್ಪಿದಾಗ, "ನೂರಾ ಹತ್ತೊಂಬತ್ತು" ಎಂದು ತಿದ್ದಿದರು. ಆಗ ಅವರ ದನಿ ಸರಿಹೋಗಿತ್ತು.

ಹಟ್ಟಿಯಲ್ಲಿ ಮುಚ್ಚಳ ತೆಗೆದೆ. ಐಸಿನ ತುಂಡುಗಳು ಹಾಗೇ ಇದ್ದವು. ನಾನು ಬಲಗೈಯಲ್ಲಿ ಸಿರಿಂಜು ಹಿಡಿದೆ. ಸೀಸೆ ಹಿಡಿಯುವುದು, ಔಷಧ ಕಲಸಿ ಕೊಡುವುದು ಮೇಸ್ತ್ರಿಯ ಪಾಲಿಗೆ ಬಂತು. ಹಸು ಕಳೆದುಕೊಂಡ ಆ ಹೆಂಗಸೂ ಬಂದಳು. ಪಕ್ಕದ ಮನೆಯ ಕರುವಿನ ಕಿವಿ ಹಿಡಿದುಕೊಂಡು ನಿಂತು, "ಇದುಕ್ಕೆ ಮೊದ್ಲು ಚುಚ್ಚಿ" ಎಂದಳು. ಮಧ್ಯಾಹ್ನದೊಳಗೆ ಮೂರು ಹಟ್ಟಿಯೂ ಮುಗಿದವು. ಮೊದಲ ಹಟ್ಟಿಯಲ್ಲಿ ಆಗಲೇ ಕಣ್ಣಲ್ಲಿ ನೀರು ಸುರಿಯುತ್ತಿದ್ದ ದನಗಳು ಉಳಿಯಲಿಲ್ಲ. ಆಚೆಯ ಎರಡು ಹಟ್ಟಿಗಳಿಗೆ ರೋಗ ಹೋಗಲೇ ಇಲ್ಲ.

ವಾಪಸು ಬರುವಾಗ ನೀರು ಕುಡಿಯಲು ಒಂದು ಕಟ್ಟೆಯ ಹತ್ತಿರ ನಿಂತೆವು. ಅಲ್ಲಿ, ನಾನು ಕೇಳದೆ, ಅವರೇ ಹೇಳಿದರು. ಬರ್ಮಾ ಗಡಿಯ ಕಡೆ ಬೆಟ್ಟದ ದಾರಿ. ಮರುದಿನ ಕಲ್ಲಿನ ಇಳಿಜಾರು ಇದೆ, ಫೋರ್ಕು ಗಟ್ಟಿಯಾಗಿರಲಿ ಎಂದು ಹಿಂದಿನ ಸಂಜೆ ತಾವೇ ದಪ್ಪ ಎಣ್ಣೆ ತುಂಬಿದ್ದರು. ಮೇಲೆ ಚಳಿಗೆ ಆ ಎಣ್ಣೆ ಬೆಲ್ಲದ ಪಾಕದ ಹಾಗಾಯಿತು.

"ಹಿಂದೆ ಮಂಡ್ಯದ ಕಡೆ ಹುಡುಗ ಕೂತಿದ್ದ. ಇಡೀ ದಾರಿ ಕನ್ನಡ ಮಾತಾಡ್ಕೊಂಡ್ ಬಂದ, ಎಷ್ಟೋ ದಿನ ಆಗಿತ್ತು ಅಂತ. ಇಳಿಜಾರಲ್ಲಿ ಫೋರ್ಕು ಕೂತಿದ್ದು ಏಳ್ಲೇ ಇಲ್ಲ. ಇಬ್ರೂ ಬಿದ್ವಿ. ಬಿದ್ದಲ್ಲಿಂದ್ಲೇ ಕರೆದೆ. ಅವನು ಮಾತಾಡ್ಲಿಲ್ಲ."

ಮುಖಕ್ಕೆ ನೀರು ಎರಚಿಕೊಂಡು, "ನಮ್ಮನೇಲಿ ಬೆನ್ನು ಅಂತ ಹೇಳಿದೀನಿ. ಬೆನ್ನು ಅಂತಾನೇ ಇರ್ಲಿ" ಎಂದರು. ನಾನು ಆಗಲಿ ಎಂದೆ. ಇಷ್ಟು ವರ್ಷ ಆ ಮಾತು ಉಳಿಸಿಕೊಂಡೆ.

ಮುಂದಿನ ವಾರ ತುಮಕೂರಿಗೆ ಹೋದಾಗ ಷೆಡ್ಡು ಮುಚ್ಚಿತ್ತು. ನಾಲ್ಕು ದಿನದಿಂದ ತೆಗೆದಿಲ್ಲ ಎಂದ ಟೀ ಅಂಗಡಿಯವನು. ರೈಲು ಹತ್ತಿ ಗುಬ್ಬಿಗೆ ಹೋಗಿ, ಕೇಳಿಕೊಂಡು ಮನೆ ಹುಡುಕಿದೆ. ಅವರ ಹೆಂಡತಿ ಬಾಗಿಲು ತೆಗೆದರು. ತುಂಬಿದ ಮೈಯ, ಅಗಲ ಕುಂಕುಮದ ಹೆಂಗಸು.

"ನಾನು ಕುಣಿಗಲ್ ಇನ್ಸ್‌ಪೆಕ್ಟರ್ ಅಮ್ಮ. ಮೇಸ್ತ್ರಿಗೆ ಬೆನ್ನು ಜಾಸ್ತಿ ಆಯ್ತೇನೋ ಅಂತ ಬಂದೆ. ನನ್ನಿಂದಾನೇ ಆಗಿದ್ದು."

"ಬಾಪ್ಪ, ಕೂತ್ಕೋ" ಎಂದು ಚಾಪೆ ಹಾಸಿದರು. ಹಿತ್ತಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಬೆನ್ನಿಗೇನೂ ಆಗಿಲ್ಲ. ಮದುವೆಗೆ ಮುಂಚೇನೇ ಡಾಕ್ಟ್ರು ವಾಸಿಯಾಗೈತೆ ಅಂದಿದ್ರಂತೆ, ಅವರಣ್ಣ ಹೇಳಿದ್ರು. ನಾನು ಕೇಳೋಕ್ ಹೋಗಿಲ್ಲ. ಅವರು ಬೆನ್ನು ಅಂದ್ರು, ನಾನು ಎಣ್ಣೆ ತಿಕ್ಕಿದೆ. ಹದಿನಾಲ್ಕು ವರ್ಷ ತಿಕ್ಕಿದೀನಿ. ನೀನು ಅವರನ್ನ ಎಲ್ಲಿಗ್ ಕರ್ಕೊಂಡ್ ಹೋಗಿದ್ಯೋ ಏನ್ ಮಾಡಿದ್ಯೋ ಗೊತ್ತಿಲ್ಲ. ಬಂದ ದಿನದಿಂದ ಹಿತ್ತಲಲ್ಲೇ ಅವ್ರೆ."

ಹಿತ್ತಲಲ್ಲಿ ಅವರು ಹಳೆಯ ಬಿಡಿಭಾಗಗಳನ್ನು ಹರಡಿಕೊಂಡು ಒಂದು ಮೋಟರ್ ಸೈಕಲ್ ಕಟ್ಟುತ್ತಿದ್ದರು. ಇಂಜಿನ್ನು ಕೂತಿತ್ತು, ಚಕ್ರಗಳು ನಿಂತಿದ್ದವು. ನನ್ನನ್ನು ಕಂಡು ಹತ್ತಿರ ಕರೆದು ಮೆಲ್ಲಗೆ ಹೇಳಿದರು:

"ಹಿಂದಿನ ಸ್ಪ್ರಿಂಗ್ ಹದ ಮಾಡ್ಬೇಕು. ಅವಳ ತೂಕ ಗೊತ್ತಾಗ್ಬೇಕು. ಹೆಂಗ್ ಕೇಳೋದು ಅಂತ ಹೊಳೀತಿಲ್ಲ."

"ನಾನು ಕೇಳ್ಲಾ?"

"ಸುಮ್ನಿರಿ. ಇನ್ನೊಂದ್ಸಲ ಮನೆಗ್ ಬರೋ ಆಸೆ ಇಲ್ವಾ ನಿಮಗೆ?"

ಕೊನೆಗೆ ಮನೆಗೆ ಬಂದಿದ್ದ ತಮ್ಮ ತಂಗಿಯನ್ನು ರೈಲು ಹತ್ತಿಸುವ ನೆಪದಲ್ಲಿ ಹೆಂಡತಿಯನ್ನು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದರಂತೆ. ಯಾಕೆ ಎಂದು ಆಕೆ ಕೇಳಿದರೆ, ಕೆಟ್ಟಿದೆಯೋ ಏನೋ ನೋಡೋಣ ಅಂತ, ಎಂದರಂತೆ.

ಒಂದು ತಿಂಗಳು ಕಳೆದಿರಬೇಕು. ಭಾನುವಾರ ಬೆಳಗ್ಗೆ ನಾನು ಕುಣಿಗಲ್ಲಿನ ನನ್ನ ಕೋಣೆಯಲ್ಲಿ ಒಲೆಯ ಮೇಲೆ ಹಾಲಿಟ್ಟಿದ್ದೆ. ಹೊರಗೆ ಮೋಟರ್ ಸೈಕಲ್ಲಿನ ಸದ್ದು ಕೇಳಿ ಬಾಗಿಲಿಗೆ ಬಂದೆ. ಮೇಸ್ತ್ರಿ ಗಾಡಿಯ ಮೇಲೆ. ಹಿಂದೆ ಅವರ ಹೆಂಡತಿ, ಹಸಿರು ಸೀರೆ, ಮುಡಿಯಲ್ಲಿ ಮಲ್ಲಿಗೆ.

"ಯಡಿಯೂರಿಗೆ ಹೊರಟ್ವಿ. ಹೇಳೋಗೋಣ ಅಂತ" ಎಂದರು ಮೇಸ್ತ್ರಿ. ಇಂಜಿನ್ನು ಆರಿಸಲಿಲ್ಲ.

"ಇಳೀರಿ, ಕಾಫಿ ಕುಡ್ಕೊಂಡ್ ಹೋಗಿ."

"ಬ್ಯಾಡಪ್ಪ. ಮದುವೆಯಾದಾಗಿಂದ ಇವತ್ತೇ ಇವರ ಹಿಂದೆ ಕೂತಿರೋದು. ನಾನಂತೂ ಇಳಿಯಲ್ಲ" ಎಂದರು ಆಕೆ.

ನಮ್ಮ ಬೀದಿಯ ಕೊನೆಯಲ್ಲಿ ರಸ್ತೆಗೆ ಹೊಸದಾಗಿ ಜಲ್ಲಿ ಸುರಿದಿದ್ದರು. ಇನ್ನೂ ರೋಲರ್ ಹಾಯಿಸಿರಲಿಲ್ಲ. ಅಲ್ಲಿಗೆ ಹೋಗಿ ಮೇಸ್ತ್ರಿ ಗಾಡಿ ನಿಲ್ಲಿಸಿ ಎರಡೂ ಕಾಲು ಊರಿದರು. ಹಿಂದಕ್ಕೆ ತಿರುಗಿ ಏನೋ ಹೇಳಿದರು. ಇಳಿದು ಆಚೆವರೆಗೆ ನಡೆದುಬಿಡು ಎಂದಿರಬೇಕು. ಆಕೆ ತಲೆಯಾಡಿಸಿ, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು, ಅವರ ಹೆಗಲನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಅವರು ನಿಧಾನವಾಗಿ ಜಲ್ಲಿಗೆ ಇಳಿದರು. ಗಾಡಿ ಅತ್ತಿತ್ತ ತೂಗಿತು, ಆಮೇಲೆ ನೆಟ್ಟಗಾಯಿತು, ಆಚೆ ದಡ ಹತ್ತಿತು. ಮೇಸ್ತ್ರಿ ತಿರುಗಿ ನೋಡಲಿಲ್ಲ. ಆಕೆ ಮಾತ್ರ ತಿರುಗಿ ಒಂದು ಕೈ ಎತ್ತಿದರು. ಕೆರೆ ಏರಿಯ ಮೇಲೆ ಆ ಹಸಿರು ಸೀರೆ ಕಾಣುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹಾಲು ಉಕ್ಕಿ ಒಲೆ ಆರಿಹೋಗಿತ್ತು.